ಭೂಭ್ರಮಣೆ ಮತ್ತು ವಿಮಾನಯಾನದ ಅವಧಿ

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಕಾಸರಗೋಡು ಜಿಲ್ಲೆಯ ಶಿರಿಯದಲ್ಲಿ ಈ ತಿರುಗುವಿಕೆಯ ವೇಗ ಗಂಟೆಗೆ ಸುಮಾರು 1,630 ಕಿ.ಮೀ. ಹಾಗಾದರೆ ಹತ್ತಿರದ ಮಂಗಳೂರು ನಿಲ್ದಾಣದಿಂದ ಮೇಲೆದ್ದ ವಿಮಾನದ ಕಡೆಗೆ ಪಶ್ಚಿಮದ ದುಬೈ ತಾನಾಗಿಯೇ ಸರಿದು ಬರಬೇಕಲ್ಲವೇ?

ಇಲ್ಲ. ನೆಲ, ಗಾಳಿ, ವಿಮಾನ ಮೂರೂ ಜೊತೆಯಾಗಿಯೇ ತಿರುಗುತ್ತವೆ. ಓಡುವ ರೈಲಿನೊಳಗೆ ಮೇಲಕ್ಕೆಸೆದ ನಾಣ್ಯ ಮರಳಿ ಕೈಗೇ ಬೀಳುವಂತೆ.

ನಿಜವಾದ ಪ್ರಭಾವ ಗಾಳಿಯ ಮೂಲಕ ಬರುತ್ತದೆ. ಸಮಭಾಜಕದಿಂದ ಧ್ರುವದತ್ತ ಸಾಗುವ ಗಾಳಿಯನ್ನು ಭೂಭ್ರಮಣೆ ಪೂರ್ವಕ್ಕೆ ವಾಲಿಸುತ್ತದೆ. ಇದು ಕೊರಿಯೋಲಿಸ್ ಪರಿಣಾಮ. ಸುಮಾರು 10 ಕಿ.ಮೀ. ಎತ್ತರದಲ್ಲಿ ರಭಸದಿಂದ ಬೀಸುವ ಜೆಟ್ ಪ್ರವಾಹಗಳು ರೂಪುಗೊಳ್ಳುವುದು ಹೀಗೆ. ಚಳಿಗಾಲದಲ್ಲಿ ದುಬೈಗೆ ಹೋಗುವಾಗ ಎದುರಾಗುವ ಗಾಳಿಯೇ ಊರಿಗೆ ಮರಳುವಾಗ ಬೆನ್ನಿಗೆ ಬೀಸಿ ಪ್ರಯಾಣವನ್ನು ಚುರುಕಾಗಿಸುತ್ತದೆ. ದುಬೈ ಗಡಿಯಾರ ಒಂದೂವರೆ ಗಂಟೆ ಹಿಂದಿರುವುದು ಬೇರೆಯೇ ಲೆಕ್ಕ.

ಆದರೆ ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲ್ವಾಯುಮಂಡಲದಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ.