ತವರ ಸಿಕ್ಕ ಊರು ಜೋಸ್

ಆಫ್ರಿಕಾ ಖಂಡದಾಗ ನೈಜೀರಿಯಾ ಅಂತ ಒಂದು ದೊಡ್ಡ ದೇಶ. ಅಲ್ಲಿ ಐದುನೂರಕ್ಕೂ ಹೆಚ್ಚು ಭಾಷೆ ಅದಾವ. ಆ ದೇಶದ ನಡುಭಾಗದಲ್ಲಿ, ಸುಮಾರು 4,000 ಅಡಿ ಎತ್ತರದ ಬಯಲಿನ ಮ್ಯಾಲೆ, ಜೋಸ್ ಎಂಬ ಪಟ್ಟಣ ಇದೆ. ಗಡಿಯಾಗ ಬಾಳುವ ನಮ್ಮಂಥವರು ಈ ಊರಿನ ಕಥಿ ಕೇಳಬೇಕು.

ಬಿರೋಂ, ಅಫಿಜೆರೆ, ಅನಗುಟ ಎಂಬ ಜನರು ಆ ನೆಲದ ಮೊದಲಿನ ಮಂದಿ. ಹೊಲಕ್ಕೆ ಕಳ್ಳಿ ಬೇಲಿ ಹಚ್ಚಿ, ನಮ್ಮ ಸಾವಿ-ನವಣಿಯಂಥ ‘ಅಚಾ’ ಎಂಬ ಸಣ್ಣ ಕಾಳು ಬೆಳೆಯುವವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರು ಅವರ ನೆಲದಾಗ ತವರ ಅಗೆಯಲು ಸುರು ಮಾಡಿದರು. ನಾವು ಹಿತ್ತಾಳಿ ಪಾತ್ರಿಗೆ ಕಲಾಯಿ ಹಾಕಸ್ತೇವಲ್ಲ, ಅದೇ ತವರ. 1915ರ ಸುಮಾರಿಗೆ ಊರು ಕಟ್ಟಿತು. ರೈಲು ಬಂತು. ಉತ್ತರದಿಂದ ಹೌಸಾ ಜನ ಗಣಿ ಕೂಲಿಗೆ, ವ್ಯಾಪಾರಕ್ಕೆ ಬಂದರು. ದಕ್ಷಿಣದಿಂದ ಯೊರೂಬಾ, ಇಗ್ಬೊ ಜನ ಕಾರಕೂನರಾಗಿ, ಅಂಗಡಿಕಾರರಾಗಿ ಬಂದರು. ಮಸೀದಿಯೂ ಎದ್ದವು, ಚರ್ಚೂ ಎದ್ದವು.

ಮನಿಯೊಳಗ ಅವರವರ ಮಾತು, ಸಂತ್ಯಾಗ ಹೌಸಾ, ಸಾಲಿಯಾಗ ಇಂಗ್ಲಿಷ್, ಮುರುಕು ಇಂಗ್ಲಿಷಿನಿಂದ ಹುಟ್ಟಿದ ‘ಪಿಜಿನ್’ ಬೇರೆ. ಮನಿಯಾಗ ಕನ್ನಡ, ಪ್ಯಾಟಿಯಾಗ ಮರಾಠಿ ಆಡುವ ನಮಗೆ ಇದು ಹೊಸದಲ್ಲ.

ಆ ಸೀಮೆಯ ತವರದ ಗಣಿಯಾಗ ಬರೀ ತವರ ಸಿಗಲಿಲ್ಲ. ಎರಡು ಸಾವಿರ ವರ್ಷಕ್ಕೂ ಹಳೆಯ ‘ನೋಕ್’ ಮಣ್ಣಿನ ಗೊಂಬೆಗಳೂ ಸಿಕ್ಕವು. ಅವನ್ನು ಇಡಲೆಂದು ಜೋಸಿನಲ್ಲಿ 1952ರಲ್ಲಿ ವಸ್ತುಸಂಗ್ರಹಾಲಯ ತೆರೆದರು. ಅವನ್ನು ಮಾಡಿದ ಕೈಗಳ ಭಾಷೆ ಯಾವುದೋ ಯಾರೂ ಬಲ್ಲವರಿಲ್ಲ.

ಆದರೂ ಊರು ನೆಮ್ಮದಿಯಿಂದ ಉಳಿಯಲಿಲ್ಲ. ಆ ದೇಶದಾಗ ‘ನೀ ಈ ನೆಲದ ಮೂಲದವ’ ಎಂಬ ದಾಖಲೆ ಪತ್ರವನ್ನು ಸ್ಥಳೀಯ ಆಡಳಿತ ಕೊಡ್ತದ. ಅದಿದ್ದರೆ ಸರಕಾರಿ ನೌಕರಿ, ಕಾಲೇಜಿನ ಜಾಗ ಹಗುರ. ಮೂರು ತಲಿಮಾರು ಅಲ್ಲೇ ಹುಟ್ಟಿದ ಹೌಸಾದವನಿಗೂ ಅದು ಸಿಗೋದು ಕಷ್ಟ. ಅತ್ತ ಮೂಲದವರಿಗೆ, ಗಣಿಯಿಂದ ಹೊಲ ಹೋಯಿತು, ಇನ್ನು ಊರೂ ಹೋದೀತು ಎಂಬ ಅಂಜಿಕಿ. 1991ರಲ್ಲಿ ‘ಜೋಸ್ ಉತ್ತರ’ ಎಂಬ ಹೊಸ ಆಡಳಿತ ವಿಭಾಗ ಆದಮ್ಯಾಲೆ ಜಗಳ ಬಲಿತು. 2001, 2008, 2010ರಲ್ಲಿ ನೂರಾರು ಮಂದಿ ಸತ್ತರು. ಕೂಡಿ ಬಾಳಿದ ಓಣಿಗಳು ಧರ್ಮದ ಪ್ರಕಾರ ಒಡೆದವು.

ಇಬ್ಬರ ಮಾತಿನಾಗೂ ನಿಜ ಐತಿ. ತವರ ಅಗೆಯಲು ಬಂದವರ ಮಕ್ಕಳಿಗೆ ಆ ಊರೇ ತವರು. ಹೊಲ ಕಳಕೊಂಡವರಿಗೂ ಅದೇ ತವರು. ಭಾಷೆ ಹಲವು ಇದ್ದದ್ದಕ್ಕೆ ಆ ಊರು ಒಡೆಯಲಿಲ್ಲ. ಯಾರು ಊರವರು, ಯಾರು ಹೊರಗಿನವರು ಅಂತ ಕಾಗದದಾಗ ಬರೆದಾಗ ಒಡೆಯಿತು.