ಆರು ಗೆರೆ, ಒಂದು ಸಂಕೇತಸಂಖ್ಯೆ

ಚೀನಾದ ಪ್ರಾಚೀನ ಶಕುನಗ್ರಂಥ ‘ಯಿ ಜಿಂಗ್’. ಭವಿಷ್ಯ ಕೇಳುವವರು 50 ಒಣಕಡ್ಡಿಗಳಲ್ಲಿ ಒಂದನ್ನು ಪಕ್ಕಕ್ಕಿಟ್ಟು, ಉಳಿದವನ್ನು ಮತ್ತೆ ಮತ್ತೆ ಪಾಲು ಮಾಡಿ ಎಣಿಸುತ್ತಿದ್ದರು. ಮೂರು ಸುತ್ತು ಎಣಿಸಿದರೆ ಒಂದು ಗೆರೆ: ಅಖಂಡವಾದರೆ ಯಾಂಗ್, ನಡುವೆ ತುಂಡಾದರೆ ಯಿನ್. ಕೆಳಗಿನಿಂದ ಮೇಲಕ್ಕೆ ಆರು ಗೆರೆ ಕೂಡಿದರೆ ಒಂದು ಚಿಹ್ನೆ. ಇಂಥವು ಒಟ್ಟು 64.

ಕಂಪ್ಯೂಟರುಗಳ ಅಕ್ಷರಪಟ್ಟಿಯಾದ ಯೂನಿಕೋಡ್‌ಗೆ ಮೂರು ಗೆರೆಗಳ 8 ಚಿಹ್ನೆಗಳು ಮೊದಲೇ ಬಂದಿದ್ದವು. ಈ 64 ಸೇರಿದ್ದು 2003ರಲ್ಲಿ, 4.0 ಆವೃತ್ತಿಯಲ್ಲಿ. ದಶಮಾನ ಲೆಕ್ಕದಲ್ಲಿ ಅವುಗಳ ಸಂಖ್ಯೆ 19904ರಿಂದ 19967. ಹಾನ್ ಲಿಪಿಯ ಎರಡು ದೊಡ್ಡ ವಿಭಾಗಗಳ ನಡುವಿನ ಜಾಗ ಸರಿಯಾಗಿ 64 ಮನೆಗಳಷ್ಟೇ! ಪಕ್ಕದ 19968ರಲ್ಲಿ ಇರುವುದು ‘ಒಂದು’ ಎಂಬರ್ಥದ ಹಾನ್ ಅಕ್ಷರ. ಅದೂ ಬರಿಯ ಒಂದು ಅಡ್ಡಗೆರೆ.

ಅಖಂಡ ಗೆರೆಯನ್ನು 1, ತುಂಡುಗೆರೆಯನ್ನು 0 ಎಂದು ಓದಿದರೆ ಪ್ರತಿ ಚಿಹ್ನೆಯೂ ಒಂದು ದ್ವಿಮಾನ ಸಂಖ್ಯೆ. ಜರ್ಮನಿಯ ಗಣಿತಜ್ಞ ಲೈಬ್ನಿಜ್ 1703ರಲ್ಲೇ ಈ ಹೋಲಿಕೆಯ ಬಗ್ಗೆ ಬರೆದಿದ್ದ. ಆದರೂ ಯೂನಿಕೋಡ್ ಆ ಕ್ರಮ ಹಿಡಿಯದೆ, ದೊರೆ ವೆನ್‌ನದೆಂದು ಪರಂಪರೆ ಹೇಳುವ ಗ್ರಂಥದ ಅನುಕ್ರಮವನ್ನೇ ಉಳಿಸಿಕೊಂಡಿತು. ಅದೇ ಸರಿ, ಗ್ರಂಥ ಬಲ್ಲವರು ಚಿಹ್ನೆಯನ್ನು ಹುಡುಕುವುದು ಆ ಅನುಕ್ರಮದಲ್ಲೇ.

‘ಯಿ ಜಿಂಗ್’ ಮಾದರಿಯಲ್ಲೇ ಚೀನಾದ ಪಂಡಿತ ಯಾಂಗ್ ಶಿಯೊಂಗ್ ರಚಿಸಿದ ‘ತಾಯ್ ಶುವಾನ್ ಜಿಂಗ್’ ಗ್ರಂಥದ 81 ಚಿಹ್ನೆಗಳೂ ಅದೇ ಆವೃತ್ತಿಯಲ್ಲಿ ಸೇರಿದವು. ಅವುಗಳಲ್ಲಿ ನಾಲ್ಕೇ ಸಾಲು, ಆದರೆ ಗೆರೆಗಳು ಮೂರು ಬಗೆ.