ಅಂದಾಜಿನ ಸೂಜಿಗೆ ದಾರಿ ತೋರಿಸಿದ ಶಬ್ದ

ಊರಿನಿಂದ ಬಂದ ಅಜ್ಜಿಯನ್ನು ಮಂಡಿನೋವಿಗೆಂದು ಡಾಕ್ಟರ ಬಳಿ ಕರೆದೊಯ್ದು, ಇಬ್ಬರ ಮಾತನ್ನೂ ಅತ್ತಿತ್ತ ದಾಟಿಸಿದವರು ನಿಮ್ಮಲ್ಲಿ ಹಲವರಿರಬಹುದು. ಡಾಕ್ಟರು ಮಂಡಿಗೆ ತಣ್ಣನೆಯ ಜೆಲ್ ಹಚ್ಚಿ, ಪರದೆ ನೋಡುತ್ತಾ ಸೂಜಿ ಹಾಕುವಾಗ ಅಜ್ಜಿ ಕೇಳಿಯಾರು: "ಇದು ಬಸುರಿಯರಿಗೆ ಮಾಡೋ ಸ್ಕ್ಯಾನ್ ಅಲ್ವಾ ಮಗಾ, ನನಗ್ಯಾಕೆ?" ಅಜ್ಜಿಗೆ ಹೇಳಲು ಒಂದು ಕಥೆ ಇಲ್ಲಿದೆ.

ಮೊದಲು ಸೂಜಿ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರ ತಂಡ ಸಂಧಿವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟಿತು. 1951ರಲ್ಲಿ ಫಿಲಡೆಲ್ಫಿಯಾದ ಜೋಸೆಫ್ ಹಾಲೆಂಡರ್ ಮತ್ತು ಸಂಗಡಿಗರು ಅದೇ ಜಾತಿಯ ಹೈಡ್ರೋಕಾರ್ಟಿಸೋನನ್ನು ನೇರ ಕೀಲಿನೊಳಕ್ಕೇ ಕೊಟ್ಟ ವರದಿ ಪ್ರಕಟಿಸಿದರು. ಆ ಪದ್ಧತಿ ಬೇಗ ಹಬ್ಬಿತು. ಮೂಳೆಯ ಉಬ್ಬುಗಳನ್ನು ಬೆರಳಿನಿಂದ ತಡವಿ, ಅಂದಾಜಿನ ಮೇಲೆ ಚುಚ್ಚುತ್ತಿದ್ದರು. ಅನುಭವಿಗಳಿಗೆ ತಮ್ಮ ಕೈಯ ಮೇಲೆ ನಂಬಿಕೆಯಿತ್ತು.

ಇನ್ನು ಶಬ್ದ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು 1880ರಲ್ಲಿ ಕ್ಯೂರಿ ಸೋದರರು ಕಂಡುಕೊಂಡರು. ಮೊದಲ ಮಹಾಯುದ್ಧದ ಹೊತ್ತಿಗೆ ಪಾಲ್ ಲಾಂಜವೆನ್ ಅದೇ ಗುಣ ಬಳಸಿ ಜಲಾಂತರ್ಗಾಮಿ ಪತ್ತೆಹಚ್ಚಲು ಹೊರಟರು. ಮುಂದೆ ಗ್ಲಾಸ್ಗೋದ ಹೆರಿಗೆ ತಜ್ಞ ಇಯಾನ್ ಡೊನಾಲ್ಡ್, ಕಾರ್ಖಾನೆಯಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವನ್ನು ಹೊಟ್ಟೆಯ ಗಡ್ಡೆ ಹುಡುಕಲು ತಿರುಗಿಸಿದರು. ಅವರ ತಂಡದ ಲೇಖನ 1958ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಅಜ್ಜಿ ಹೇಳಿದ ಬಸುರಿಯರ ಸ್ಕ್ಯಾನ್ ಬೆಳೆದದ್ದು ಅಲ್ಲಿಂದ. 1972ರಲ್ಲಿ ಅದು ಮಂಡಿಗೂ ಇಳಿಯಿತು: ಮಂಡಿಯ ಹಿಂದಿನ ಊತ ನೀರುಗಂಟೋ ರಕ್ತನಾಳದ ತೊಂದರೆಯೋ ಎಂದು ಬೇರ್ಪಡಿಸಲು ಇಬ್ಬರು ವೈದ್ಯರು ಅದನ್ನು ಬಳಸಿದರು.

ಎರಡೂ ಕಥೆ ಕೂಡುವುದಕ್ಕೆ ಒಂದು ಪೆಟ್ಟು ಬೇಕಿತ್ತು. 1993ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದರಲ್ಲಿ, ಔಷಧದ ಜೊತೆ ಎಕ್ಸ್-ರೇಯಲ್ಲಿ ಕಾಣುವ ದ್ರವ ಬೆರೆಸಿ ಚುಚ್ಚಿ ನೋಡಿದರು. ಖಚಿತವಾಗಿ ಕೀಲಿನೊಳಗೆ ಬಿದ್ದದ್ದು ಸುಮಾರು ಅರ್ಧದಷ್ಟು ಮಾತ್ರ! ಪಳಗಿದ ಕೈಯೂ ತಪ್ಪುತ್ತದೆ ಎಂದಾಯಿತು. ಅಲ್ಟ್ರಾಸೌಂಡ್‌ನಲ್ಲಾದರೋ ಸೂಜಿ ಬೆಳ್ಳಗಿನ ಗೆರೆಯಾಗಿ ಸಾಗುವುದು ಕಾಣುತ್ತದೆ. ನರ, ರಕ್ತನಾಳಗಳನ್ನು ತಪ್ಪಿಸಬಹುದು. ಎಕ್ಸ್-ರೇಯ ವಿಕಿರಣವೂ ಇಲ್ಲ.

ಕಥೆ ಇಲ್ಲಿಗೇ ಮುಗಿದರೆ ಚೆಂದವಿತ್ತು. ಆದರೆ ಭುಜನೋವಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ 2012ರ ಕಾಕ್ರೇನ್ ವಿಮರ್ಶೆಗೆ, ನೋಡಿ ಚುಚ್ಚಿದರೆ ನೋವು ಹೆಚ್ಚು ಇಳಿಯುತ್ತದೆಂದು ಸಾಧಿಸಲು ಆಗಲಿಲ್ಲ. ಸೂಜಿ ಗುರಿ ಮುಟ್ಟುವುದು ಬೇರೆ, ನೋವು ಇಳಿಯುವುದು ಬೇರೆ. ಕೈಯನ್ನು ಪರೀಕ್ಷಿಸಿದ ಹಾಗೆಯೇ ಯಂತ್ರವನ್ನೂ ಪರೀಕ್ಷಿಸಬೇಕಲ್ಲವೇ?

ಹಾಗಾಗಿ ಮುಂದಿನ ಸಲ ಅಜ್ಜಿಯ ಪಕ್ಕ ಕೂತಾಗ ಬರೀ ಮಾತು ದಾಟಿಸಬೇಡಿ. ಸೂಜಿ ಎಲ್ಲಿಗೆ, ಯಾಕೆ, ಆರಾಮ ಎಷ್ಟು ದಿನ ಎಂದು ನೀವೇ ಕೇಳಿ. ಉತ್ತರವನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿ. ಕಾಲು ಅವರದು, ತಿಳಿದುಕೊಳ್ಳುವ ಹಕ್ಕೂ ಅವರದೇ.